ಜೆರಾಕ್ಸ್ ಅಂಗಡಿಯಲ್ಲಿ ಉಳಿದುಹೋಗುವ ಕಾಗದಗಳು

ಗಂಗಾವತಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿಯಿದೆ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗಷ್ಟೇ ಮೀಸಲಾತಿಗೆ ಬೇಕಾಗುವ 371ಜೆ ಪ್ರಮಾಣಪತ್ರ, ಹೀಗೆ ದಿನವೂ ಹತ್ತಾರು ಮಂದಿಯ ಕಾಗದಪತ್ರಗಳು ನನ್ನ ಕೈಮೇಲೆ ಹಾದುಹೋಗುತ್ತವೆ. ಕಂಪ್ಯೂಟರಿನ ಸುರಕ್ಷತೆಯೆಂದರೆ ಆಂಟಿವೈರಸ್ ಹಾಕಿಸುವುದು ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಆ ತಿಳಿವಳಿಕೆಯನ್ನು ಕೆಡವಿದ್ದು ಒಂದು ಸಂಜೆ ಎದುರಿನ ಬಂಡಿಯಿಂದ ತರಿಸಿದ ಮಿರ್ಚಿ. ಪೊಟ್ಟಣ ಬಿಡಿಸಿದಾಗ ಎಣ್ಣೆ ಹೀರಿದ ಹಾಳೆಯ ಒಳಬದಿಯಲ್ಲಿ ಒಬ್ಬ ಹೆಣ್ಣುಮಗಳ ಆಧಾರ್ ಕಾರ್ಡ್ ಕಂಡಿತು. ಟೋನರ್ ಮುಗಿಯುತ್ತ ಬಂದು ಮುಖ ಮಸುಕಾಗಿ ಮೂಡಿತ್ತಾದರೂ ಹನ್ನೆರಡು ಅಂಕಿಗಳನ್ನು ಸಲೀಸಾಗಿ ಓದಬಹುದಿತ್ತು. ಅದನ್ನು ಬುಟ್ಟಿಗೆ ಎಸೆದವನೂ ನಾನೇ, ಬುಟ್ಟಿಯ ರದ್ದಿಯನ್ನು ತೂಕಕ್ಕೆ ಹಾಕಿದವನೂ ನಾನೇ.

ಆ ರಾತ್ರಿ ಷಟರ್ ಎಳೆದು ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್ ತೆರೆದೆ. ಎರಡು ವರ್ಷಗಳ ಕಡತಗಳು ಹಾಗೇ ಬಿದ್ದಿದ್ದವು: ಪಾಸ್‌ಬುಕ್ಕಿನ ಮೊದಲ ಪುಟಗಳು, ಅಂಕಪಟ್ಟಿಗಳು, ಆಧಾರ್ ಪಿಡಿಎಫ್‌ಗಳು. ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತೆಯೂ ಇರಲಿಲ್ಲ. ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ಅಕ್ಷರ, ಅದಕ್ಕೆ ಹುಟ್ಟಿದ ವರ್ಷ ಸೇರಿಸಿದರೆ ಅದು ತೆರೆಯುತ್ತದೆ, ಮತ್ತು ಆ ಎರಡೂ ಪಕ್ಕದಲ್ಲಿದ್ದ ಅಂಕಪಟ್ಟಿಯಲ್ಲೇ ಇದ್ದವು. ಎಲ್ಲವನ್ನೂ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ, ಕೆಲಸ ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಗಿರಾಕಿಗಳು ಅಂಗಡಿಯ ವಾಟ್ಸ್‌ಆ್ಯಪ್‌ಗೆ ಕಳುಹಿಸಿದ ಚಿತ್ರಗಳು ನನ್ನ ಫೋನಿನ ಗ್ಯಾಲರಿಗೆ ತಾವಾಗಿಯೇ ಇಳಿದು, ಅಲ್ಲಿಂದ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದವು. ಮಗಳ ಹುಟ್ಟುಹಬ್ಬದ ಫೋಟೋಗಳ ನಡುವೆ ಯಾರದೋ ರೇಷನ್ ಕಾರ್ಡ್, ಯಾರದೋ ಪ್ಯಾನ್ ಕಾರ್ಡ್. ಅವುಗಳನ್ನು ಆರಿಸಿ ತೆಗೆಯಲು ಮೂರು ರಾತ್ರಿ ಹಿಡಿಯಿತು.

ಈಗ ಅಂಗಡಿಯ ವಾಟ್ಸ್‌ಆ್ಯಪ್ ಬೇರೆ ಫೋನಿನಲ್ಲಿದೆ. ಅದರಲ್ಲಿ ಚಿತ್ರಗಳು ತಾವಾಗಿ ಇಳಿಯುವುದನ್ನೂ ಬ್ಯಾಕಪ್ ಆಗುವುದನ್ನೂ ನಿಲ್ಲಿಸಿದ್ದೇನೆ, ಎರಡನೆಯ ಹಂತದ ಆರಂಕಿಯ ಪಿನ್ ಹಾಕಿದ್ದೇನೆ. ಗಿರಾಕಿಯು ತನ್ನ ಖಾತೆಗೆ ಲಾಗಿನ್ ಆಗಬೇಕಾದರೆ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯನ್ನೇ ತೆರೆಯುತ್ತೇನೆ. ಅದನ್ನು ಮುಚ್ಚಿದರೆ ಲಾಗಿನ್ ಉಳಿಯುವುದಿಲ್ಲ, ಆದರೆ ಅದರಲ್ಲಿ ಡೌನ್‌ಲೋಡ್ ಮಾಡಿದ ಕಡತ ಮಾತ್ರ ಫೋಲ್ಡರಿನಲ್ಲಿ ಉಳಿದೇ ಉಳಿಯುತ್ತದೆ. ಇದನ್ನು ತಿಳಿಯದೆ ಇನ್‌ಕಾಗ್ನಿಟೊ ಎಂದರೆ ಎಲ್ಲವೂ ಮಾಯ ಎಂದು ನಂಬಿದವರು ನನ್ನ ವೃತ್ತಿಯಲ್ಲೇ ಬಹಳ ಮಂದಿ ಇದ್ದಾರೆ. ಪಾಸ್‌ವರ್ಡ್ ಉಳಿಸಬೇಕೇ ಎಂದು ಬ್ರೌಸರ್ ಕೇಳುವುದನ್ನೇ ಬಂದ್ ಮಾಡಿದ್ದೇನೆ. ಕೆಟ್ಟ ಪ್ರತಿಗಳನ್ನು ಗಿರಾಕಿಯ ಕೈಗೇ ಕೊಡುತ್ತೇನೆ, ಬೇಡವೆಂದರೆ ಅವರೆದುರಿಗೇ ಹರಿಯುತ್ತೇನೆ.

ಕಷ್ಟವಾದದ್ದು ಒಟಿಪಿಯ ವಿಷಯ. ಯಾರಿಗೂ ಒಟಿಪಿ ಹೇಳಬೇಡಿ ಎಂಬ ಮಾತು ಓದುಬರಹ ಬಲ್ಲವರಿಗೆ ಸರಿ. ಕಾರಟಗಿ ಕಡೆಯ ಹಳ್ಳಿಯಿಂದ ಬಂದ ಒಬ್ಬ ಅಜ್ಜ ಫೋನನ್ನೇ ಮೇಜಿನ ಮೇಲಿಟ್ಟು, "ನೀನಾ ನೋಡಪ, ನನಗ ಓದಾಕ ಬರಂಗಿಲ್ಲ" ಎಂದರೆ ಏನು ಮಾಡಬೇಕು? ಅಂಥವರಿಗೆ ಸಂದೇಶವನ್ನು ಪೂರ್ತಿಯಾಗಿ, ಅದು ಎಲ್ಲಿಂದ ಬಂದಿದೆ, ಯಾವ ಕೆಲಸಕ್ಕೆ ಬಂದಿದೆ ಎಂಬುದನ್ನು ಸೇರಿಸಿ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅವರು ಹ್ಞೂಂ ಎಂದ ಮೇಲೆಯೇ ಅಂಕಿಗಳನ್ನು ಒತ್ತುತ್ತೇನೆ. ಸಾಲಿನಲ್ಲಿ ನಿಂತವರಿಗೆ ಇದರಿಂದ ಬೇಸರವಾಗುವುದುಂಟು.

ಬೆರಳಚ್ಚಿನ ಬಗ್ಗೆಯೂ ಜನ ಕೇಳುತ್ತಾರೆ. ಆಧಾರ್ ಮೂಲಕ ಹಣ ತೆಗೆಯುವಾಗ ಒಟಿಪಿ ಬರುವುದಿಲ್ಲ; ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟೇ ಸಾಕು. ಆದ್ದರಿಂದ ಎಂಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್, ಅಂದರೆ ಬೆರಳಚ್ಚು ನಡೆಯದಂತೆ ಬೀಗ, ಹಾಕಿಕೊಳ್ಳಿ ಎಂದು ಮೊದಮೊದಲು ಎಲ್ಲರಿಗೂ ಹೇಳುತ್ತಿದ್ದೆ. ಹಾಗೆ ಲಾಕ್ ಮಾಡಿಕೊಟ್ಟಿದ್ದ ಒಬ್ಬ ಅವ್ವ ಮುಂದಿನ ತಿಂಗಳು ರೇಷನ್ ಅಂಗಡಿಯಲ್ಲಿ ಬೆರಳು ಹತ್ತದೆ ಬರಿಗೈಯಲ್ಲಿ ತಿರುಗಿ ನನ್ನ ಹತ್ತಿರ ಬಂದರು. "ಏನ್ ಮಾಡಿಟ್ಟಿಯಪಾ ನನ್ ಬಟ್ಟಿಗೆ?" ಎಂದು ಬೆರಳು ತೋರಿಸಿ ಅವರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಅನ್‌ಲಾಕ್ ಮಾಡಿಕೊಟ್ಟೆ. ಅಂದಿನಿಂದ ತಮ್ಮ ಫೋನಿನಲ್ಲಿ ತಾವೇ ತೆರೆದು ಮುಚ್ಚಬಲ್ಲವರಿಗೆ ಮಾತ್ರ ಲಾಕ್ ಸಲಹೆ ಕೊಡುತ್ತೇನೆ. ಉಳಿದವರಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಮುದ್ರಿಸಿಕೊಟ್ಟು, ಕೇಳಿದಲ್ಲೆಲ್ಲ ಮೊದಲು ಅದನ್ನೇ ಕೊಡಿ, ಒಪ್ಪದಿದ್ದರೆ ಮಾತ್ರ ಪೂರ್ತಿಯದನ್ನು ಕೊಡಿ ಎನ್ನುತ್ತೇನೆ. ಸೈಬರ್ ವಂಚನೆಯಲ್ಲಿ ಹಣ ಹೋದರೆ ತಡಮಾಡದೆ ಕರೆ ಮಾಡಬೇಕಾದ 1930 ಸಹಾಯವಾಣಿ ಸಂಖ್ಯೆಯನ್ನು ಗೋಡೆಗೆ ದೊಡ್ಡದಾಗಿ ಅಂಟಿಸಿದ್ದೇನೆ.

ಕಳೆದ ಬೇಸಿಗೆಯಲ್ಲಿ ಹಳೆಯ ಜೆರಾಕ್ಸ್ ಮಷಿನ್ ಮಾರಿ, ಅದಕ್ಕಿಂತ ದೊಡ್ಡದಾದ ಸೆಕೆಂಡ್ ಹ್ಯಾಂಡ್ ಮಷಿನ್ ಒಂದನ್ನು ತಂದೆ. ಇಂಥ ಮಷಿನ್‌ಗಳ ಒಳಗೆ ಹಾರ್ಡ್ ಡಿಸ್ಕ್ ಇರಬಹುದೆಂದು ಮೆಕ್ಯಾನಿಕ್ ಹೇಳಿದ್ದರಿಂದ ಅದರ ಪರದೆಯ ಮೇಲೆ ಉಳಿಸಿಟ್ಟ ಕಡತಗಳ ಪಟ್ಟಿ ತೆರೆದು ನೋಡಿದೆ. ಯಾವುದೋ ಊರಿನ ಯಾರದೋ ಮನೆ ಮಾರಾಟದ ಕರಾರುಪತ್ರ, ಹೆಬ್ಬೆಟ್ಟಿನ ಗುರುತುಗಳ ಸಮೇತ, ಅಲ್ಲಿತ್ತು. ಅದನ್ನು ಮೆಕ್ಯಾನಿಕ್ಕನಿಂದಲೇ ಪೂರ್ತಿ ಅಳಿಸಿಸಿದೆ. ನಾನು ಮಾರಿದ ಮಷಿನ್ ಕೊಂಡವರಿಗೆ ಆ ದಿನವೇ ಫೋನ್ ಮಾಡಿದೆ. ಅದರಲ್ಲಿ ಡಿಸ್ಕ್ ಇಲ್ಲವೆಂದು ಅವರು ಮುಚ್ಚಳ ಬಿಚ್ಚಿ ನೋಡಿ ಹೇಳುವವರೆಗೆ ಊಟ ಸೇರಲಿಲ್ಲ.