ಬ್ರೀದರ್ ಪೈಪಿಗೆ ಕ್ಯಾಚ್ ಕ್ಯಾನ್ ಕೂರಿಸುವುದು ಹೇಗೆ?

ಡೀಸೆಲ್ ಎಂಜಿನ್ನಿನ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ ನುಸುಳುವ ಅನಿಲವು ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಭಾಗದ ಗೂಡಿನ) ಎಣ್ಣೆಯ ತುಂತುರನ್ನು ಹೊತ್ತು, ಅನಿಲವನ್ನು ಹೊರಬಿಡುವ ಬ್ರೀದರ್ ಪೈಪಿನ ಮೂಲಕ ಟರ್ಬೊಗೆ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರಕ್ಕೆ) ಹೋಗುವ ಗಾಳಿಯನ್ನು ಸೇರುತ್ತದೆ. ಆ ಎಣ್ಣೆ, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಲ್ಲಿ ಜಿಡ್ಡಾಗಿ ನಿಲ್ಲುತ್ತದೆ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ, ಹೊಗೆಯ ಒಂದಷ್ಟನ್ನು ಮರಳಿ ಎಂಜಿನ್ನಿಗೆ ಕಳಿಸುವ ಇಜಿಆರ್ ತಂದ ಮಸಿಯೊಡನೆ ಬೆರೆತು ಡಾಂಬರಿನಂತಾಗುತ್ತದೆ. ಅದನ್ನು ನಡುದಾರಿಯಲ್ಲೇ ಹಿಡಿಯುವ ಡಬ್ಬಿಯೇ ಕ್ಯಾಚ್ ಕ್ಯಾನ್.

ಮೊದಲು, ಎಂಜಿನ್ ಐಡಲ್‌ನಲ್ಲಿರುವಾಗ ಎಣ್ಣೆ ತುಂಬುವ ಮುಚ್ಚಳವನ್ನು ಸಡಿಲಿಸಿ ನೋಡಿ. ಹೊಗೆ ರಭಸದಿಂದ ಬುಸುಗುಟ್ಟಿದರೆ ಸಿಲಿಂಡರು ಒತ್ತಡ ಹಿಡಿಯುತ್ತದೆಯೇ ಎಂದು ತಿಳಿಸುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸವೆದ ರಿಂಗಿಗೆ ಡಬ್ಬಿ ಮದ್ದಲ್ಲ.

ಒಳಗೆ ಸೋಸುವ ಫಿಲ್ಟರ್ ಮತ್ತು ಅದು ಕಟ್ಟಿಕೊಂಡಾಗ ತೆರೆದುಕೊಳ್ಳುವ ಬೈಪಾಸ್ ವಾಲ್ವ್ ಇರುವ ಡಬ್ಬಿಯನ್ನೇ ಕೊಳ್ಳಿ. ಅಗ್ಗದ ಅಲ್ಯೂಮಿನಿಯಂ ಡಬ್ಬಿಗಳು ಬಹುಪಾಲು ಒಳಗೆ ಬರಿದು. ಅದಕ್ಕೆ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ತುರುಕುವವರನ್ನು ಕಂಡಿದ್ದೇನೆ. ಅದರ ಒಂದೆಳೆ ಕಳಚಿದರೂ ನೇರವಾಗಿ ಟರ್ಬೊದ ರೆಕ್ಕೆಗಳಿಗೆ ಬಡಿಯುತ್ತದೆ. ಡಬ್ಬಿಯನ್ನು ಟರ್ಬೊದ ಶಾಖದಿಂದ ದೂರ, ಕೈಗೆಟುಕುವಲ್ಲಿ ಬ್ರಾಕೆಟ್ ಹಾಕಿ ಬಿಗಿಯಿರಿ.

ಹೆಚ್ಚಿನವರು ಎಡವುವುದು ಹೋಸ್ ಎಳೆಯುವಾಗ. ಹೊಸ ಹೋಸಿನ ಒಳವ್ಯಾಸವು ಕಂಪನಿಯ ಪೈಪಿಗಿಂತ ಒಂದು ಮಿಲಿಮೀಟರ್ ಕೂಡ ಕಿರಿದಾಗಬಾರದು, 19 ಮಿ.ಮೀ. ಇದ್ದಲ್ಲಿ 12 ಮಿ.ಮೀ. ಹಾಕಿದರೆ ಅನಿಲ ಹೊರಹೋಗಲಾರದೆ ಒಳಒತ್ತಡ ಏರಿ, ಆಯಿಲ್ ಸೀಲುಗಳಲ್ಲಿ ಎಣ್ಣೆ ಒಸರತೊಡಗುತ್ತದೆ, ಎಣ್ಣೆಯ ಮಟ್ಟ ನೋಡುವ ಡಿಪ್ ಸ್ಟಿಕ್ ತಾನಾಗಿ ಮೇಲೇಳುತ್ತದೆ. ಎಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನಿಂದ ಡಬ್ಬಿಯವರೆಗೆ ಹೋಸು ಒಂದೇ ಸಮನೆ ಇಳಿಜಾರಾಗಿರಲಿ. ನಡುವೆ ಜೋತುಬಿದ್ದ ಕಡೆ ಎಣ್ಣೆಯೂ ನೀರೂ ನಿಂತು ದಾರಿ ಕಟ್ಟುತ್ತದೆ. ತೋಟಕ್ಕೆ ನೀರು ಹಾಯಿಸುವ ಪೈಪು ಬೇಡವೇ ಬೇಡ. ಸಾಮಾನ್ಯ ಸಿಲಿಕೋನ್ ಹೋಸಿನಲ್ಲೂ ಎಣ್ಣೆ ಹೊರಗೆ ಜಿನುಗುತ್ತದೆ. ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಹೋಸೇ ಆಗಬೇಕು. ಡಬ್ಬಿಗೆ ಒಳಬರುವ, ಹೊರಹೋಗುವ ಬಾಯಿಗಳನ್ನು ಅದಲುಬದಲು ಮಾಡಬೇಡಿ. ಹೊರಬಾಯಿಯನ್ನು ಗಾಳಿಗೆ ತೆರೆದುಬಿಡುವ ಅಡ್ಡದಾರಿಯೂ ಬೇಡ. ಅದು ಹೊಗೆ ನಿಯಮಕ್ಕೆ ವಿರುದ್ಧ, ಕ್ಯಾಬಿನ್ನಿಗೂ ವಾಸನೆ ತರುತ್ತದೆ. ಮೊದಲಿನಂತೆ ಟರ್ಬೊದ ಮುಂಚಿನ ಕೊಳವೆಗೇ ಜೋಡಿಸಿ.

ಮೊದಲ 1000 ಕಿ.ಮೀ.ಗೆ ಒಮ್ಮೆ ಬಸಿದು ನೋಡಿದರೆ ನಿಮ್ಮ ಎಂಜಿನ್ನಿನ ಲೆಕ್ಕ ಸಿಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ, ಅದರಲ್ಲೂ ಹತ್ತಿರದ ಓಡಾಟವೇ ಹೆಚ್ಚಿದ್ದರೆ, ನೀರು ಬೆರೆತ ಬಿಳಿ ಕೆನೆಯಂಥದ್ದು ಬರುವುದು ಸಹಜವಾದ್ದರಿಂದ ಆಗ ಬೇಗ ಬೇಗ ಬಸಿಯಿರಿ. ಡಬ್ಬಿ ತುಂಬಿ ಎಣ್ಣೆ ಒಮ್ಮೆಲೇ ಒಳಸೇರಿದರೆ, ಕೀ ತೆಗೆದರೂ ನಿಲ್ಲದೆ ಆ ಎಣ್ಣೆಯನ್ನೇ ಉರಿಸಿಕೊಂಡು ಡೀಸೆಲ್ ಎಂಜಿನ್ ಓಡಬಲ್ಲದು. ಬಸಿದದ್ದನ್ನು ಮತ್ತೆ ಎಂಜಿನ್ನಿಗೆ ಸುರಿಯದೆ, ಹಳೆಯ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಕೊಡಿ.