‘ಸರಿಯಾದ ಹೊತ್ತಿಗೇ ಒತ್ತಿದೆ, ಆದರೂ ಸತ್ತ!’: ಡ್ರ್ಯಾಗನ್ಸ್ ಲೇರ್ ಆಟವನ್ನು ಇಂದಿನ ಕಂಪ್ಯೂಟರ್‌ನಲ್ಲಿ ಆಡುವ ಬಗೆ

‘ಸರಿಯಾದ ಹೊತ್ತಿಗೇ ಒತ್ತಿದೆ, ಆದರೂ ಸತ್ತ.’ ಡ್ರ್ಯಾಗನ್ಸ್ ಲೇರ್ ಆಟವನ್ನು ಹೊಸದಾಗಿ ಕಂಪ್ಯೂಟರ್‌ಗೆ ಹಾಕಿಕೊಂಡವರು ನನ್ನ ಹತ್ತಿರ ಬಂದು ಹೇಳುವ ಮೊದಲ ಮಾತು ಇದು. ಸತ್ತವನು ಆಟದ ನಾಯಕ. ಅಕ್ಕನ ಮಗ ಹೇಳಿದ, ಆಮೇಲೆ ಆಫೀಸಿನ ಇಬ್ಬರು ಗೆಳೆಯರು ಹೇಳಿದರು. ಮೂವರ ಪಕ್ಕದಲ್ಲೂ ಕೂತು ನೋಡಿದ್ದೇನೆ. ಯಾರ ಕೈಯೂ ನಿಧಾನವಿರಲಿಲ್ಲ. ಒಬ್ಬರ ಫೈಲ್ ತಪ್ಪಿತ್ತು, ಇನ್ನೊಬ್ಬರ ಟಿವಿ ತಡ ಮಾಡುತ್ತಿತ್ತು, ಮತ್ತೊಬ್ಬರು ಎಲ್ಲಿಂದಲೋ ತಂದ ವಿಡಿಯೊ ತುರುಕಿದ್ದರು. ಇಷ್ಟು ಚೆಂದದ ಆಟವನ್ನು ಮೂವರೂ ‘ಹಳೇ ಆಟ, ಸರಿಯಿಲ್ಲ’ ಎಂದು ಬಿಟ್ಟುಬಿಡುವುದರಲ್ಲಿದ್ದರು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕೈ ಹಾಕುವ ಮುಂಚೆ ಆಟದ ಒಳಗುಟ್ಟು ತಿಳಿದಿರಲಿ, ಮುಂದಿನ ಅರ್ಧ ತೊಂದರೆ ಅಲ್ಲಿಗೇ ಪರಿಹಾರ. 1983ರಲ್ಲಿ ಅಮೆರಿಕದ ಆರ್ಕೇಡ್‌ಗಳಿಗೆ, ಅಂದರೆ ನಾಣ್ಯ ಹಾಕಿ ಆಡುವ ಪೆಟ್ಟಿಗೆಗಳಿರುವ ಆಟದಂಗಡಿಗಳಿಗೆ ಬಂದ ಆಟ ಇದು. ಯೋಚನೆ ರಿಕ್ ಡೈಯರ್ ಅವರದು, ಪೆಟ್ಟಿಗೆ ತಯಾರಿಸಿ ಮಾರಿದ್ದು ಸಿನೆಮಾಟ್ರಾನಿಕ್ಸ್, ಚಿತ್ರ ಬರೆದದ್ದು 1979ರಲ್ಲಿ ಡಿಸ್ನಿ ಬಿಟ್ಟು ಹೊರಬಂದಿದ್ದ ಡಾನ್ ಬ್ಲೂತ್ ಮತ್ತು ಅವರ ತಂಡ. ಪಕ್ಕದ ಪೆಟ್ಟಿಗೆಯಲ್ಲಿ ಪ್ಯಾಕ್‌ಮ್ಯಾನ್ ಚುಕ್ಕಿ ನುಂಗುತ್ತಿದ್ದ ಕಾಲ. ಇಲ್ಲಿ ನೋಡಿದರೆ ಡರ್ಕ್ ಎಂಬ ಯೋಧ ಸಿನಿಮಾದ ಪಾತ್ರದ ಹಾಗೆ ಓಡುತ್ತಾನೆ, ಬೆಚ್ಚುತ್ತಾನೆ, ಬೀಳುತ್ತಾನೆ. ರಾಜಕುಮಾರಿ ಡ್ಯಾಫ್ನೆಯನ್ನು ಸಿಂಜ್ ಎಂಬ ಡ್ರ್ಯಾಗನ್ ಹಿಡಿದಿಟ್ಟಿದೆ, ಅವಳನ್ನು ಬಿಡಿಸಬೇಕು. ಕಥೆ ಅಷ್ಟೆ. ಉಳಿದ ಆಟಗಳಿಗೆ 25 ಸೆಂಟ್‌ನ ಒಂದು ನಾಣ್ಯ ಸಾಕಾಗುತ್ತಿದ್ದಾಗ ಇದಕ್ಕೆ 50 ಸೆಂಟ್ ಕೊಟ್ಟು ಜನ ಸಾಲು ನಿಲ್ಲುತ್ತಿದ್ದರು.

ಆಗಿನ ಕಂಪ್ಯೂಟರ್ ಅಂಥ ಚಿತ್ರ ಬಿಡಿಸಲು ಸಾಧ್ಯವೇ ಇರಲಿಲ್ಲ. ಪೆಟ್ಟಿಗೆಯೊಳಗೆ ಒಂದು ಲೇಸರ್ ಡಿಸ್ಕ್ ಪ್ಲೇಯರ್ ಇತ್ತು, ವಿಡಿಯೊ ತುಂಬಿದ ದೊಡ್ಡ ತಟ್ಟೆಯನ್ನು ಓಡಿಸುವ ಯಂತ್ರ. ಕೈಯಿಂದ ಬರೆದ ಸುಮಾರು 22 ನಿಮಿಷಗಳ ಚಿತ್ರ ಆ ಡಿಸ್ಕ್‌ನಲ್ಲಿತ್ತು. ಪಕ್ಕದಲ್ಲಿ ಝಡ್80 ಚಿಪ್‌ನ ಪುಟ್ಟ ಕಂಪ್ಯೂಟರ್. ಅದರ ಕೆಲಸ ಒಂದೇ: ‘ಇಂಥ ನಂಬರಿನ ಫ್ರೇಮ್‌ಗೆ (ವಿಡಿಯೊದ ಒಂದೊಂದು ಬಿಡಿ ಚಿತ್ರ) ಹೋಗು’ ಎಂದು ಪ್ಲೇಯರ್‌ಗೆ ಹೇಳುವುದು, ನೀವು ಜಾಯ್‌ಸ್ಟಿಕ್ ತಿರುಗಿಸಿದ್ದು ಸರಿಯಾದ ಗಳಿಗೆಯಲ್ಲೋ ಅಲ್ಲವೋ ನೋಡುವುದು, ಸರಿಯಿದ್ದರೆ ಮುಂದಿನ ದೃಶ್ಯಕ್ಕೆ, ತಪ್ಪಿದ್ದರೆ ಸಾವಿನ ದೃಶ್ಯಕ್ಕೆ ಕಳಿಸುವುದು. ಅಂಕವನ್ನು ಕೂಡ ಅದು ಪರದೆಯ ಮೇಲೆ ಬರೆಯುತ್ತಿರಲಿಲ್ಲ, ಅದಕ್ಕೆ ಬೇರೆ ಎಲ್‌ಇಡಿ ಫಲಕ ಇತ್ತು. ಹಾಗಾಗಿ ನಿಮ್ಮ ಕಂಪ್ಯೂಟರ್‌ನಲ್ಲೂ ಮೂರು ತಾಳೆಯಾಗಬೇಕು: ಚಿತ್ರ, ನಂಬರ್, ಬೆರಳು. ಕೆಟ್ಟರೆ ಕೆಡುವುದು ಇವುಗಳಲ್ಲಿ ಯಾವುದಾದರೊಂದು.

ಯಾವ ದಾರಿ?

ಎರಡಿವೆ. ಸುಮ್ಮನೆ ಆಡಿ ನೋಡಬೇಕು ಎನ್ನುವವರು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡು, ಇನ್‌ಸ್ಟಾಲ್ ಮಾಡಿ ಆಡಿ. ಹತ್ತು ನಿಮಿಷದ ಕೆಲಸ, ಚಿತ್ರವೂ ಸ್ವಚ್ಛವಾಗಿದೆ. ನೀವು ನೇರವಾಗಿ ‘ತಡ ಎಲ್ಲಿ ಆಗುತ್ತಿದೆ?’ ಎಂಬ ಭಾಗಕ್ಕೆ ಹೋಗಬಹುದು.

ಮೂಲ ಪೆಟ್ಟಿಗೆಯ ಪ್ರೋಗ್ರಾಂ ಹೇಗೆ ಓಡುತ್ತಿತ್ತೋ ಹಾಗೆಯೇ ಬೇಕು ಎನ್ನುವವರಿಗೆ ಎಮ್ಯುಲೇಟರ್, ಅಂದರೆ ಹಳೇ ಯಂತ್ರದಂತೆ ನಟಿಸುವ ಪ್ರೋಗ್ರಾಂ. ಹಿಂದೆ ಡ್ಯಾಫ್ನೆ ಎಂಬುದಿತ್ತು, ರಾಜಕುಮಾರಿಯದೇ ಹೆಸರು. ಅದರ ಕವಲಾಗಿ ಬೆಳೆದದ್ದು ಹಿಪ್ಸಿಯಸ್ ಸಿಂಜ್. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಈಗ ಹೊಸದಾಗಿ ಶುರುಮಾಡುವವರು ಹಿಪ್ಸಿಯಸ್ಸನ್ನೇ ಹಾಕಿಕೊಳ್ಳಿ, ಹಳೇ ಡ್ಯಾಫ್ನೆಯ ಜತೆ ಒದ್ದಾಡಬೇಡಿ. ಉಳಿದೆಲ್ಲ ಆರ್ಕೇಡ್ ಆಟಗಳಿಗೆ ಮೇಮ್ ಎಂಬ ಇನ್ನೊಂದು ಎಮ್ಯುಲೇಟರ್ ಬಳಸುವವರು ಇದನ್ನೂ ಅದರಲ್ಲೇ ಎಬ್ಬಿಸಲು ಹೋಗಿ ಭಾನುವಾರ ಕಳೆದುಕೊಳ್ಳುತ್ತಾರೆ. ಈ ಆಟಕ್ಕೆ ಅದು ದಾರಿಯಲ್ಲ.

ಎಮ್ಯುಲೇಟರ್ ಉಚಿತ, ಆಟ ಉಚಿತವಲ್ಲ. ಚಿತ್ರಕ್ಕೂ ಚಿಪ್‌ನ ಪ್ರೋಗ್ರಾಂಗೂ ಹಕ್ಕುದಾರರಿದ್ದಾರೆ. ಆಟದ ಡಿವಿಡಿ ಕೊಂಡು ಇಟ್ಟುಕೊಂಡವರು ಈ ದಾರಿ ಹಿಡಿಯಿರಿ, ಇಲ್ಲದವರಿಗೆ ಸ್ಟೀಮ್ ಇದ್ದೇ ಇದೆ.

ಆನ್‌ಲೈನ್ ಅಂಗಡಿಗಳಲ್ಲಿ ‘ಹತ್ತು ಸಾವಿರ ಆಟ’ ಎಂದು ಬರೆದುಕೊಂಡು ಬರುವ ಪೆನ್‌ಡ್ರೈವ್‌ನಂಥ ಗೇಮ್ ಸ್ಟಿಕ್‌ಗಳ ಬಗ್ಗೆ ಒಂದು ಮಾತು. ಒಬ್ಬ ಗೆಳೆಯ ಅಂಥದ್ದೊಂದನ್ನು ತರಿಸಿದ್ದ. ಪಟ್ಟಿಯಲ್ಲಿ ಡ್ರ್ಯಾಗನ್ಸ್ ಲೇರ್ ಹೆಸರಿತ್ತು, ಒತ್ತಿದರೆ ಕಪ್ಪು ಪರದೆ. ಚಿಪ್‌ನ ಪ್ರೋಗ್ರಾಂ ಮಾತ್ರ ಹಾಕಿ, ಚಿತ್ರದ ಫೈಲನ್ನೇ ಬಿಟ್ಟಿದ್ದರು. ಚಿತ್ರವಿಲ್ಲದಿದ್ದರೆ ಈ ಆಟದಲ್ಲಿ ಏನೂ ಇಲ್ಲ. ದಯವಿಟ್ಟು ಕೊಳ್ಳಬೇಡಿ.

ಫೋಲ್ಡರ್

ಡ್ರೈವ್‌ನ ಬುಡದಲ್ಲೇ ಒಂದು ಫೋಲ್ಡರ್ ಮಾಡಿ. ಹೆಸರು ಇಂಗ್ಲಿಷಿನಲ್ಲಿ, ಚಿಕ್ಕದಾಗಿ, ನಡುವೆ ಸ್ಪೇಸ್ ಇಲ್ಲದೆ ಇರಲಿ. ಹಿಪ್ಸಿಯಸ್ಸನ್ನು ಅದರಲ್ಲಿ ಬಿಚ್ಚಿ. ಚಿಪ್‌ನ ಪ್ರೋಗ್ರಾಂ ರೋಮ್ಸ್ ಎಂಬ ಒಳಫೋಲ್ಡರ್‌ಗೆ ಹೋಗುತ್ತದೆ. ವಿಂಡೋಸ್‌ನಲ್ಲಿ ಪ್ರೋಗ್ರಾಂ ಫೈಲ್ಸ್ ಒಳಗೆ ಮಾತ್ರ ಇಡಬೇಡಿ, ಕಾರಣ ಈಗಲೇ ಬರುತ್ತದೆ.

ಎಲ್ಲರೂ ಎಡವುವ ಜಾಗ: ಫ್ರೇಮ್ ಫೈಲ್

ಇಲ್ಲಿ ಸಾವಧಾನವಾಗಿ ಓದಿ. ಚಿಪ್‌ನ ಪ್ರೋಗ್ರಾಂ ಇವತ್ತಿಗೂ 1983ರ ಡಿಸ್ಕ್‌ನ ನಂಬರುಗಳನ್ನೇ ಕೇಳುತ್ತದೆ. ಆ ಬಗೆಯ ಲೇಸರ್ ಡಿಸ್ಕ್‌ನ ಒಂದು ಮಗ್ಗುಲಲ್ಲಿ 54,000 ಫ್ರೇಮ್‌ಗಳಿಗೆ ಜಾಗ, ಪ್ರತಿ ಫ್ರೇಮ್‌ಗೂ ಅದರದೇ ನಂಬರ್. ನಿಮ್ಮ ಹತ್ತಿರ ಡಿಸ್ಕ್ ಇಲ್ಲ, ವಿಡಿಯೊ ಫೈಲ್ ಇದೆ. ‘ಡಿಸ್ಕ್‌ನ ಇಂಥ ನಂಬರ್ ಎಂದರೆ ಈ ಫೈಲ್‌ನ ಶುರು’ ಎಂದು ಎಮ್ಯುಲೇಟರ್‌ಗೆ ಹೇಳಿಕೊಡುವ ಪುಟ್ಟ ಟೆಕ್ಸ್ಟ್ ಫೈಲೇ ಫ್ರೇಮ್ ಫೈಲ್.

ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಮೊದಲ ಸಾಲಿನಲ್ಲಿ ವಿಡಿಯೊ ಇರುವ ಫೋಲ್ಡರ್‌ನ ವಿಳಾಸ. ಅದರ ಕೆಳಗೆ ಒಂದೊಂದು ಸಾಲಿಗೆ ಒಂದು ನಂಬರ್, ಒಂದು ಖಾಲಿ ಜಾಗ, ಒಂದು ಫೈಲ್ ಹೆಸರು. ಇಷ್ಟೇ. ಈ ಎರಡು ಮೂರು ಸಾಲುಗಳಲ್ಲಿ ಜನ ಮಾಡಿಕೊಳ್ಳುವ ತಪ್ಪುಗಳು ಮಾತ್ರ ಒಂದೆರಡಲ್ಲ.

ವಿಳಾಸದ ತಪ್ಪು ಮೊದಲನೆಯದು. ಬೇರೆಯವರ ಕಂಪ್ಯೂಟರ್‌ನಿಂದ ಬಂದ ಫೈಲ್‌ನಲ್ಲಿ ಅವರ ಡ್ರೈವ್‌ನ ವಿಳಾಸವೇ ಉಳಿದಿರುತ್ತದೆ. ನನ್ನ ಸಲಹೆ ಕೇಳಿದರೆ ಫ್ರೇಮ್ ಫೈಲನ್ನೂ ವಿಡಿಯೊಗಳನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು, ಮೊದಲ ಸಾಲಿನಲ್ಲಿ ಬರೀ ಒಂದು ಚುಕ್ಕಿ ಇಡಿ. ‘ಇಲ್ಲೇ ಇದೆ’ ಎಂದು ಅದರ ಅರ್ಥ. ನಾಳೆ ಫೋಲ್ಡರನ್ನು ಎಲ್ಲಿಗೆ ಒಯ್ದರೂ ಕೆಡುವುದಿಲ್ಲ.

ಅಕ್ಕನ ಮಗನಿಗೆ ಕೈಕೊಟ್ಟದ್ದು ಬಾಲದ ಅಕ್ಷರಗಳು. ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ಮುಚ್ಚಿಡುತ್ತದೆ. ಅವನು ಹೆಸರು ಕೊಡುವಾಗ ಕೊನೆಗೆ ‘ಟಿಎಕ್ಸ್‌ಟಿ’ ಎಂದು ತಾನೂ ಬರೆದ, ವಿಂಡೋಸ್ ಇನ್ನೊಂದನ್ನು ತಾನಾಗಿ ಅಂಟಿಸಿತು. ಕಣ್ಣಿಗೆ ಕಾಣುವುದು ಒಂದೇ ಬಾಲ, ಇರುವುದು ಎರಡು. ‘ಫೈಲ್ ಸಿಗುತ್ತಿಲ್ಲ’ ಎಂದು ಎಮ್ಯುಲೇಟರ್ ಹೇಳುತ್ತಲೇ ಇತ್ತು, ‘ಇಲ್ಲೇ ಇದೆಯಲ್ಲ ಮಾಮ’ ಎಂದು ಇವನು ತೋರಿಸುತ್ತಲೇ ಇದ್ದ. ಫೋಲ್ಡರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಟಿಕ್ ಹಾಕಿದ ಮೇಲೆ ಎರಡನೆಯ ಬಾಲ ಹೊರಬಿತ್ತು. ಲಿನಕ್ಸ್‌ನವರು ದೊಡ್ಡಕ್ಷರ, ಸಣ್ಣಕ್ಷರಗಳನ್ನೂ ನೋಡಿಕೊಳ್ಳಿ. ಅಲ್ಲಿ ಅವೆರಡೂ ಬೇರೆ ಬೇರೆ.

ಮೂರನೆಯದು ಎಲ್ಲಕ್ಕಿಂತ ಕೆಟ್ಟ ತಪ್ಪು, ಯಾಕೆಂದರೆ ಇದರಲ್ಲಿ ಆಟ ಶುರುವಾಗುತ್ತದೆ. ಚಿತ್ರ ಬರುತ್ತದೆ, ಸದ್ದು ಬರುತ್ತದೆ, ಎಲ್ಲ ಸರಿಯಾಯಿತು ಅನ್ನಿಸುತ್ತದೆ. ಆದರೆ ಹೊಸ ದೃಶ್ಯ ಶುರುವಾಗುವಾಗ ಹಿಂದಿನ ದೃಶ್ಯದ ಬಾಲ ಒಂದು ಕ್ಷಣ ಮಿಂಚಿ ಹೋಗುತ್ತದೆ, ಇಲ್ಲವೇ ಡರ್ಕ್ ಬಾಗಿಲು ದಾಟಿದ ಮೇಲೆ ದೃಶ್ಯ ತೆರೆದುಕೊಳ್ಳುತ್ತದೆ. ನಂಬರ್ ಜಾರಿದೆ ಎನ್ನುವುದಕ್ಕೆ ಇದೇ ಗುರುತು. ಒಬ್ಬರ ಫ್ರೇಮ್ ಫೈಲನ್ನು ಇನ್ನೊಬ್ಬರ ವಿಡಿಯೊಗೆ ಜೋಡಿಸಿದಾಗ ಹೀಗಾಗುತ್ತದೆ. ಎರಡೂ ಒಂದೇ ಜೋಡಿಯದ್ದಾಗಿರಬೇಕು. ವಿಡಿಯೊವನ್ನು ಮತ್ತೆ ಕನ್ವರ್ಟ್ ಮಾಡಿದರೂ ಹೀಗೇ. ಈ ಆಟದ ಚಿತ್ರ ಸಿನಿಮಾದ ವೇಗದ್ದು, ಸೆಕೆಂಡಿಗೆ 23.976 ಫ್ರೇಮ್. ‘ನುಣ್ಣಗೆ ಕಾಣಲಿ’ ಎಂದು ಯಾರಾದರೂ ಅದನ್ನು 25ಕ್ಕೋ 30ಕ್ಕೋ ಏರಿಸಿದರೆ ನಂಬರುಗಳೆಲ್ಲ ಸರಿದುಬಿಡುತ್ತವೆ. ಮೊದಲ ದೃಶ್ಯದಲ್ಲಿ ಗೊತ್ತಾಗದಿದ್ದರೂ ಡಿಸ್ಕ್‌ನ ಕೊನೆಯ ಕಡೆ ಹೋದಂತೆ ವ್ಯತ್ಯಾಸ ಬೆಳೆಯುತ್ತದೆ. ಯೂಟ್ಯೂಬ್‌ನಿಂದ ಇಳಿಸಿದ ಚಿತ್ರವನ್ನು ಹಾಕುವ ಅಡ್ಡದಾರಿ ಹಿಡಿದವರು ಸಿಕ್ಕಿಬೀಳುವುದು ಇಲ್ಲಿಯೇ. ಎಮ್ಯುಲೇಟರ್‌ಗೆ ಬೇಕಾದದ್ದು ಎಂಪೆಗ್-2 ವಿಡಿಯೊ, ಅದರ ಪಕ್ಕದಲ್ಲಿ ಅದೇ ಹೆಸರಿನ ಓಜಿಜಿ ಸದ್ದಿನ ಫೈಲ್. ಬಾಲ ಬಿಟ್ಟು ಉಳಿದ ಹೆಸರು ಒಂದಕ್ಷರ ಬೇರೆಯಾದರೂ ಡರ್ಕ್ ಮೂಕನಾಗುತ್ತಾನೆ.

ಮೊದಲ ಸಲ ಓಡಿಸುವಾಗ ಎಮ್ಯುಲೇಟರ್ ವಿಡಿಯೊವನ್ನು ತುದಿಯಿಂದ ತುದಿಗೆ ಓದಿ, ಯಾವ ಫ್ರೇಮ್ ಎಲ್ಲಿದೆ ಎಂದು ಗುರುತು ಹಾಕಿಕೊಂಡು ಪಕ್ಕದಲ್ಲೇ ಡಿಎಟಿ ಬಾಲದ ಫೈಲ್ ಬರೆದಿಡುತ್ತದೆ. ಆಗ ಸ್ವಲ್ಪ ಹೊತ್ತು ಹಿಡಿಯುತ್ತದೆ. ಕೆಟ್ಟಿತೆಂದು ನಡುವೆ ಮುಚ್ಚಬೇಡಿ. ಪ್ರೋಗ್ರಾಂ ಫೈಲ್ಸ್ ಒಳಗೆ ಇಡಬೇಡಿ ಎಂದದ್ದು ಇದಕ್ಕೇ, ಅಲ್ಲಿ ಬರೆಯಲು ವಿಂಡೋಸ್ ಬಿಡುವುದಿಲ್ಲ. ಮುಂದೆ ವಿಡಿಯೊ ಬದಲಿಸಿದರೆ ಹಳೇ ಡಿಎಟಿಯನ್ನು ಅಳಿಸಿ, ಹೊಸದು ತಾನೇ ಹುಟ್ಟುತ್ತದೆ.

ತಡ ಎಲ್ಲಿ ಆಗುತ್ತಿದೆ?

ಫೈಲೆಲ್ಲ ಸರಿಯಿದ್ದೂ ಡರ್ಕ್ ಸಾಯುತ್ತಿದ್ದರೆ ಪರದೆಯನ್ನೂ ಕೀಲಿಯನ್ನೂ ಪರೀಕ್ಷಿಸಿ. ಸಿನಿಮಾ ವೇಗದಲ್ಲಿ ಒಂದು ಫ್ರೇಮ್ ಪರದೆಯ ಮೇಲಿರುವುದು ಸುಮಾರು 42 ಮಿಲಿಸೆಕೆಂಡ್. ಟಿವಿ ಚಿತ್ರಕ್ಕೆ ಮೆರುಗು ಕೊಡುತ್ತ 100 ಮಿಲಿಸೆಕೆಂಡ್ ತಡ ಮಾಡಿದರೆ ಎರಡು ಫ್ರೇಮ್‌ಗೂ ಹೆಚ್ಚು ಹಳೆಯದನ್ನು ನೋಡಿ ನೀವು ಒತ್ತುತ್ತಿದ್ದೀರಿ ಎಂದಾಯಿತು. ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಅದಿಲ್ಲದ ಟಿವಿ ಬಿಟ್ಟು ಲ್ಯಾಪ್‌ಟಾಪ್ ಪರದೆಯಲ್ಲೇ ಆಡಿ. ಬ್ಲೂಟೂತ್ ಜಾಯ್‌ಸ್ಟಿಕ್ ಬೇಡ, ವೈರ್ ಇರುವುದೇ ಬೇಕು, ಇದರಲ್ಲಿ ನನಗೆ ರಾಜಿಯಿಲ್ಲ. ಬ್ಲೂಟೂತ್ ಹೆಡ್‌ಫೋನ್ ಕೂಡ ಬೇಡ, ಈ ಆಟದಲ್ಲಿ ಕಿವಿಗೂ ಕೆಲಸವಿದೆ.

ಏನು ಕೆಲಸ ಎಂದರೆ, ಮೂಲ ಪೆಟ್ಟಿಗೆಯೊಳಗೆ ಸಣ್ಣ ಸಣ್ಣ ಸ್ವಿಚ್‌ಗಳಿದ್ದವು. ಜೀವ ಮೂರೋ ಐದೋ, ಆಟ ಸುಲಭವೋ ಕಷ್ಟವೋ ಎಂಬುದನ್ನು ಅಂಗಡಿಯವನು ಅವುಗಳಲ್ಲಿ ಗೊತ್ತುಮಾಡುತ್ತಿದ್ದ. ಅವುಗಳಲ್ಲೊಂದು ಜಾಯ್‌ಸ್ಟಿಕ್ಕಿನ ಸದ್ದಿನದು. ಅದು ಆನ್ ಆಗಿದ್ದರೆ ನೀವು ಕೊಟ್ಟ ಚಲನೆ ಪೆಟ್ಟಿಗೆಗೆ ತಲುಪಿತು ಎನ್ನುವುದನ್ನು ಸದ್ದಿನಲ್ಲೇ ತಿಳಿಯಬಹುದು. ಎಮ್ಯುಲೇಟರ್‌ನಲ್ಲೂ ಬ್ಯಾಂಕ್ ಎಂಬ ಆಯ್ಕೆಯಿಂದ ಈ ಸ್ವಿಚ್‌ಗಳನ್ನು ತಿರುಗಿಸಬಹುದು. ಸದ್ದನ್ನು ಆನ್ ಮಾಡಿ, ಐದು ಜೀವ ಇಟ್ಟುಕೊಳ್ಳಿ. ಒತ್ತಿದ ತಕ್ಷಣ ಸದ್ದು ಬಂದು ಚಿತ್ರ ಮಾತ್ರ ಹಿಂದುಳಿದರೆ ತಪ್ಪು ಪರದೆಯದು. ಸದ್ದೂ ತಡವಾಗಿ ಬಂದರೆ ಕೀಲಿಯದೋ ಸ್ಪೀಕರಿನದೋ.

ಕೀಲಿಗಳು ಸುಲಭ: 5 ಒತ್ತಿದರೆ ನಾಣ್ಯ, 1 ಒತ್ತಿದರೆ ಆಟ ಶುರು, ಬಾಣದ ಕೀಲಿಗಳಿಂದ ದಿಕ್ಕು, ಎಡಗಡೆ ಕಂಟ್ರೋಲ್ ಕತ್ತಿ. ಚಿತ್ರವನ್ನು ಅಗಲದ ಪರದೆಗೆ ಎಳೆದು ಹಿಗ್ಗಿಸಬೇಡಿ. ಅದು 4:3ರ ಚಿತ್ರ, ಎರಡೂ ಪಕ್ಕ ಕಪ್ಪು ಉಳಿಯಲಿ. ಬ್ಲೂತ್ ತಂಡ ಎಳೆದ ಗೆರೆಯನ್ನು ದಪ್ಪಗೆ ಮಾಡಿ ನೋಡುವುದು ನನ್ನಿಂದಾಗದು.

ಆಡುವಾಗ

ಗುಂಡಿಯನ್ನು ಪಟಪಟ ಒತ್ತುತ್ತ ಹೋಗಬೇಡಿ. ತಪ್ಪು ಗಳಿಗೆಯಲ್ಲಿ ತಪ್ಪು ದಿಕ್ಕು ಒತ್ತಿದರೂ ಸಾವೇ. ಎಷ್ಟೋ ಕಡೆ ಚಿತ್ರಕಾರರೇ ಸುಳಿವು ಇಟ್ಟಿದ್ದಾರೆ. ಹೋಗಬೇಕಾದ ಬಾಗಿಲು ಹೊಳೆಯುತ್ತದೆ, ಬೀಸಬೇಕಾದಾಗ ಕತ್ತಿ ಮಿನುಗುತ್ತದೆ. ಆ ಹೊಳಪು ಕಂಡಾಗ ಒಂದೇ ಒಂದು ಸಲ ಒತ್ತಿ. ಉರಿಯುವ ಹಗ್ಗಗಳ ದೃಶ್ಯ ಅಭ್ಯಾಸಕ್ಕೆ ಒಳ್ಳೆಯದು. ಡರ್ಕ್ ನಿಂತ ಹಲಗೆ ಗೋಡೆಯೊಳಗೆ ಸರಿಯುತ್ತಿರುತ್ತದೆ, ಹಗ್ಗ ತೂಗಿ ಹತ್ತಿರ ಬರುತ್ತದೆ, ಬಂದಾಗ ಅದರ ದಿಕ್ಕಿಗೆ ಒತ್ತಬೇಕು. ತಾಳ ಸಿಕ್ಕಿತೆಂದರೆ ಕೈ ಅಲ್ಲೇ ಕೂರುತ್ತದೆ. ಆದರೆ ದಿಕ್ಕನ್ನು ಬಾಯಿಪಾಠ ಮಾಡಬೇಡಿ. ಎಷ್ಟೋ ದೃಶ್ಯಗಳು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ ಇನ್ನೊಮ್ಮೆ ಬರುತ್ತವೆ.

ಕೊನೆಗೆ ಒಂದು ಆಯ್ಕೆ ನಿಮಗೆ ಬಿಟ್ಟದ್ದು. ಮೂಲ ಪ್ಲೇಯರ್‌ಗೆ ಒಂದು ದೃಶ್ಯದಿಂದ ಇನ್ನೊಂದಕ್ಕೆ ಹಾರಲು ಸಮಯ ಬೇಕಿತ್ತು, ಆ ಹೊತ್ತು ಪರದೆ ಕಪ್ಪಾಗುತ್ತಿತ್ತು. ಯಂತ್ರವನ್ನು ಹೀಗೆ ದಿನವಿಡೀ ಹಾರಿಸಿ ಹಾರಿಸಿ ಎಷ್ಟೋ ಪ್ಲೇಯರ್‌ಗಳು ಕೆಟ್ಟುಹೋದವು. ಎಮ್ಯುಲೇಟರ್‌ನಲ್ಲಿ ಆ ವಿಳಂಬವನ್ನು ಬೇಕೆಂದೇ ತರಿಸಿಕೊಳ್ಳಬಹುದು. ಮೊದಲ ವಾರ ಅದಿಲ್ಲದೆ ಆಡಿ, ಕೈ ಕುದುರಿದ ಮೇಲೆ ಹಾಕಿಕೊಳ್ಳಿ. ಆ ಒಂದು ಕ್ಷಣದ ಕತ್ತಲಲ್ಲಿ, ಮುಂದೆ ಬರುವುದು ಹಗ್ಗವೋ, ಹಾವಿನ ಕೋಣೆಯೋ, ಕಪ್ಪು ಕುದುರೆಯ ಸವಾರನೋ ಎಂದು ಕಾಯುತ್ತ ಬೆರಳು ಬಾಣದ ಮೇಲೆ ನಿಂತಿರುತ್ತದಲ್ಲ, ನಾನು ವಿಳಂಬ ಹಾಕಿಯೇ ಆಡುವುದು ಅದಕ್ಕಾಗಿ.