ಬ್ಯಾಟರಿ ಬದಲಿಸುವ ಮೊದಲು ಕರೆಂಟ್ ಎಲ್ಲಿ ಸೋರುತ್ತಿದೆ ನೋಡಿ

ರಾತ್ರಿ ಚೆನ್ನಾಗಿಯೇ ಓಡಿದ ಕಾರು ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಟಕ್ ಅನ್ನುತ್ತದೆ. ಸೆಲ್ಫ್ ತಿರುಗುವುದಿಲ್ಲ. ಪಕ್ಕದ ಮನೆಯವರ ಕಾರಿನಿಂದ ಜಂಪ್ ಕೊಟ್ಟು ಹೇಗೋ ಹೊರಟರೆ, ಎರಡು ದಿನ ಬಿಟ್ಟು ಮತ್ತೆ ಅದೇ ಕತೆ. ‘ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಸಿಬಿಡಿ’ ಅಂತ ಯಾರೋ ಹೇಳುತ್ತಾರೆ, ಹಾಕಿಸುತ್ತೀರಿ, ಸ್ವಲ್ಪ ದಿನಕ್ಕೆ ಹೊಸದೂ ಮಲಗುತ್ತದೆ. ಹೀಗಾದರೆ ತಪ್ಪು ಬ್ಯಾಟರಿಯದ್ದಲ್ಲ. ಬಹಳಷ್ಟು ಸಲ ಕೀ ತೆಗೆದ ಮೇಲೂ ಕಾರಿನಲ್ಲಿ ಯಾವುದೋ ಒಂದು ಕರೆಂಟ್ ಎಳೆಯುತ್ತಲೇ ಇರುತ್ತದೆ. ಅದು ಯಾವುದು ಅಂತ ಹುಡುಕಲು ದೊಡ್ಡ ಗ್ಯಾರೇಜೇ ಬೇಕಿಲ್ಲ. ಕರೆಂಟ್, ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್, 10 ನಂಬರ್ ಸ್ಪ್ಯಾನರ್ ಮತ್ತು ಬಿಡುವಾದ ಒಂದು ಭಾನುವಾರ ಸಾಕು.

ಬೆಂಗಳೂರಿನಲ್ಲಿ ಈ ತೊಂದರೆ ಜಾಸ್ತಿ ಕಾಡುವುದಕ್ಕೆ ಕಾರಣ ಇದೆ. ವಾರವಿಡೀ ಮೆಟ್ರೋದಲ್ಲಿ ಆಫೀಸಿಗೆ ಹೋಗುವವರು, ಮನೆಯಿಂದಲೇ ಕೆಲಸ ಮಾಡುವವರು ಬಹಳ ಮಂದಿ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ಶುರುವಾದ ಮೇಲೆ ಆ ಕಡೆಯ ಎಷ್ಟೋ ಕಾರುಗಳು ಬೇಸ್‌ಮೆಂಟ್ ಬಿಟ್ಟು ಹೊರಬರುವುದೇ ವಾರಾಂತ್ಯಕ್ಕೆ. ದಿನಾ ಓಡುವ ಕಾರಿನಲ್ಲಿ ರಾತ್ರಿ ಸೋರಿದ್ದನ್ನು, ಇಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಹಗಲು ತುಂಬಿಕೊಡುತ್ತದೆ, ಹಾಗಾಗಿ ಸೋರಿಕೆ ಗೊತ್ತೇ ಆಗುವುದಿಲ್ಲ. ಐದು ದಿನ ನಿಂತ ಕಾರಿನಲ್ಲಿ ಗೊತ್ತಾಗುತ್ತದೆ.

ಮೊದಲು ಸ್ವಲ್ಪ ಲೆಕ್ಕ

ಕಾರು ಪೂರ್ತಿ ಆಫ್ ಇದ್ದಾಗಲೂ ಗಡಿಯಾರ, ಸೆಂಟ್ರಲ್ ಲಾಕ್, ಅಲಾರಂ, ಇಂಜಿನ್ ಕಂಪ್ಯೂಟರಿನ ನೆನಪು ಇವಕ್ಕೆಲ್ಲ ಚೂರು ಕರೆಂಟ್ ಬೇಕೇ ಬೇಕು. ಸಾಮಾನ್ಯವಾಗಿ 20ರಿಂದ 50 ಮಿಲಿಆಂಪ್. ಇದು ತಪ್ಪಲ್ಲ. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್, ಅಂದರೆ ಒಂದು ಆಂಪ್ ಎಳೆದರೆ 35 ಗಂಟೆ ಬರುವಷ್ಟು, ಅಂತ ಇಟ್ಟುಕೊಳ್ಳಿ. 50 ಮಿಲಿಆಂಪ್ ಎಳೆದರೆ ದಿನಕ್ಕೆ 1.2 ಆಂಪಿಯರ್-ಅವರ್ ಖರ್ಚು. ಬ್ಯಾಟರಿ ಅರ್ಧಕ್ಕಿಳಿಯಲು ಎರಡು ವಾರ ಬೇಕು.

ಈಗ ಡಿಕ್ಕಿಯ 5 ವಾಟ್ ಬಲ್ಬ್ ಒಂದು ಆರದೆ ಉಳಿದಿದೆ ಅನ್ನಿ. ಅದು ಎಳೆಯುವುದು ಸುಮಾರು 400 ಮಿಲಿಆಂಪ್. ದಿನಕ್ಕೆ ಹತ್ತು ಆಂಪಿಯರ್-ಅವರ್ ಹತ್ತಿರ ಹೋಯಿತು. ಶುಕ್ರವಾರ ರಾತ್ರಿ ನಿಲ್ಲಿಸಿದ ಕಾರು ಭಾನುವಾರ ಸಂಜೆಗೆ ಅರ್ಧಕ್ಕಿಂತ ಕೆಳಗೆ. ಅರ್ಧ ದಾಟಿ ಇಳಿದ ಬ್ಯಾಟರಿ, ಅದರಲ್ಲೂ ಹಳೆಯದಾದರೆ, ಸೆಲ್ಫ್ ಎಳೆಯಲು ಒದ್ದಾಡುತ್ತದೆ. ಒಂದು ಪುಟ್ಟ ಬಲ್ಬು ಅಷ್ಟೇ!

ಮೀಟರ್ ಇಲ್ಲದೆಯೇ ಒಂದು ಪರೀಕ್ಷೆ

ತಪ್ಪು ಬ್ಯಾಟರಿಯದ್ದೋ ಕಾರಿನದ್ದೋ ಅಂತ ಮೊದಲು ಬೇರ್ಪಡಿಸಿಕೊಳ್ಳಿ. ಬ್ಯಾಟರಿಯನ್ನು ಚಾರ್ಜರ್ ಹಾಕಿ ಪೂರ್ತಿ ಚಾರ್ಜ್ ಮಾಡಿ. ರಾತ್ರಿ ಮೈನಸ್ ಟರ್ಮಿನಲ್ ಬಿಚ್ಚಿ, ಕೇಬಲ್ ಮತ್ತೆ ತಾಗದ ಹಾಗೆ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಸಾಮಾನ್ಯವಾಗಿ ನಿಮ್ಮ ಕಾರು ಎಷ್ಟು ಹೊತ್ತಿಗೆ ಡೌನ್ ಆಗುತ್ತದೋ ಅಷ್ಟು ಹೊತ್ತು ಹಾಗೇ ಬಿಡಿ. ಆಮೇಲೆ ಟರ್ಮಿನಲ್ ಜೋಡಿಸಿ ಕೀ ತಿರುಗಿಸಿ. ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ಬ್ಯಾಟರಿ ಸರಿಯಿದೆ, ಸೋರುತ್ತಿರುವುದು ಕಾರಿನಲ್ಲಿ. ಬಿಚ್ಚಿಟ್ಟರೂ ಸತ್ತಿದ್ದರೆ ಬ್ಯಾಟರಿಯೇ ಮುಗಿದಿದೆ, ಮುಂದಿನದನ್ನು ಓದುವ ಅಗತ್ಯವೇ ಇಲ್ಲ.

ಬಿಚ್ಚುವಾಗ ಯಾವಾಗಲೂ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಕೈಯಲ್ಲಿರುವ ಉಂಗುರ, ಕಡಗ ತೆಗೆದಿಡಿ. ಕೀಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ, ಕರೆಂಟ್ ವಾಪಸ್ ಬಂದಾಗ ಕೆಲವು ಕಾರು ತಾನೇ ಲಾಕ್ ಆಗುತ್ತದೆ. ಕೆಲವು ಹಳೆಯ ಮ್ಯೂಸಿಕ್ ಸಿಸ್ಟಂ ಕೋಡ್ ಕೇಳುತ್ತದೆ, ಅದನ್ನು ಮುಂಚೆಯೇ ಹುಡುಕಿಟ್ಟುಕೊಳ್ಳಿ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಸರ್ವಿಸ್ ಸೆಂಟರಿಗೆ ಬಿಡಿ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಮುಟ್ಟಲೇಬಾರದು.

ಕಣ್ಣಿಗೆ ಕಾಣುವುದನ್ನು ಮೊದಲು ಹುಡುಕಿ

ಡಿಕ್ಕಿ ಲೈಟ್, ಗ್ಲೋವ್ ಬಾಕ್ಸ್ ಲೈಟ್, ಸನ್ ವೈಸರ್ ಕನ್ನಡಿಯ ಲೈಟ್. ಈ ಮೂರನ್ನು ಯಾರೂ ನೋಡುವುದಿಲ್ಲ, ಯಾಕೆಂದರೆ ಮುಚ್ಚಿದ ಮೇಲೆ ಕಾಣುವುದೇ ಇಲ್ಲ ಅಲ್ವಾ. ಫೋನಿನಲ್ಲಿ ವಿಡಿಯೋ ಆನ್ ಮಾಡಿ, ಲೈಟಿನ ಕಡೆ ಕ್ಯಾಮೆರಾ ತಿರುಗಿಸಿ ಡಿಕ್ಕಿಯೊಳಗಿಟ್ಟು ಮುಚ್ಚಿ. ಎರಡು ನಿಮಿಷ ಬಿಟ್ಟು ತೆಗೆದು ನೋಡಿದರೆ ಲೈಟ್ ಆರಿದೆಯೋ ಇಲ್ಲವೋ ಗೊತ್ತಾಗುತ್ತದೆ. ಗ್ಲೋವ್ ಬಾಕ್ಸಿಗೂ ಇದೇ ಉಪಾಯ.

ಆಮೇಲೆ, ಕಾರು ಕೊಂಡ ಮೇಲೆ ನೀವು ಹಾಕಿಸಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡ್ಯಾಶ್‌ಕ್ಯಾಮ್, ದೊಡ್ಡ ಟಚ್ ಸ್ಕ್ರೀನ್, ಆಂಪ್ಲಿಫೈಯರ್, ಫಾಗ್ ಲೈಟ್, ರಿಮೋಟ್ ಲಾಕ್, ಜಿಪಿಎಸ್ ಟ್ರ್ಯಾಕರ್, ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿರುವ ಓಬಿಡಿ ಡಾಂಗಲ್ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಪುಟ್ಟ ಸಾಧನ). ನನ್ನ ಅಭಿಪ್ರಾಯ ಕೇಳಿದರೆ ಕಂಪನಿಯ ವೈರಿಂಗ್ ಮೇಲೆ ಅನುಮಾನ ಪಡುವ ಮೊದಲು ಈ ಚೀಟಿಯ ಮೇಲೆ ಪಡಿ. ಕೆಲವು ಕಾರುಗಳಲ್ಲಿ ಕೀ ತೆಗೆದರೂ 12 ವೋಲ್ಟ್ ಸಾಕೆಟ್ಟಿನಲ್ಲಿ ಕರೆಂಟ್ ಇರುತ್ತದೆ, ಅದರಲ್ಲಿ ಚಾರ್ಜರ್ ಸಿಕ್ಕಿಸಿಯೇ ಬಿಟ್ಟಿದ್ದರೆ ಅದನ್ನೂ ಬರೆಯಿರಿ.

ಬಾನೆಟ್ ಎತ್ತಿದಾಗ ವೈರುಗಳ ಮೇಲೆ ಟಾರ್ಚ್ ಹಾಯಿಸಿ. ಪಕ್ಕದಲ್ಲಿ ಖಾಲಿ ಸೈಟ್ ಇದ್ದರೆ ಇಲಿ, ಹೆಗ್ಗಣ ಇಂಜಿನ್ ಬೆಚ್ಚಗಿರುವಾಗ ಬಂದು ಕೂರುತ್ತವೆ. ವೈರಿನ ಮೇಲ್ಪದರ ಕಡಿದು ತಾಮ್ರ ಕಾಣುತ್ತಿದ್ದರೆ, ಹಿಕ್ಕೆ ಬಿದ್ದಿದ್ದರೆ, ನಿಮ್ಮ ಹುಡುಕಾಟ ಅಲ್ಲಿಗೇ ಮುಗಿಯಬಹುದು.

ಮೀಟರ್ ಜೋಡಿಸುವುದು

ಮಲ್ಟಿಮೀಟರ್ ಇಲ್ಲದಿದ್ದರೆ ಎಸ್‌ಪಿ ರಸ್ತೆಗೆ ಒಂದು ಸುತ್ತು ಹಾಕಿ. ತೀರಾ ಅಗ್ಗದ ಹಳದಿ ಮೀಟರುಗಳಲ್ಲಿ 10 ಆಂಪ್ ತೂತಿಗೆ ಒಳಗೆ ಫ್ಯೂಸೇ ಇರುವುದಿಲ್ಲ. ಸ್ವಲ್ಪ ಜಾಸ್ತಿ ಕೊಟ್ಟು ಫ್ಯೂಸ್ ಇರುವುದನ್ನೇ ತೆಗೆದುಕೊಳ್ಳಿ. ಜೊತೆಗೆ ಎರಡು ಮೊಸಳೆ ಕ್ಲಿಪ್. ಕೈಯಲ್ಲಿ ಹಿಡಿದುಕೊಂಡು ಅರ್ಧ ಗಂಟೆ ನಿಲ್ಲಲು ಆಗುವುದಿಲ್ಲ.

ಕಾರು ನಿಲ್ಲಿಸಿ ಎಲ್ಲ ಆಫ್ ಮಾಡಿ. ಬಾನೆಟ್ ತೆರೆದೇ ಇರಬೇಕಾಗುತ್ತದೆ, ಆದರೆ ಅಲಾರಂ ಇರುವ ಕಾರುಗಳಲ್ಲಿ ಬಾನೆಟ್ ತೆರೆದಿದ್ದರೆ ಕಾರು ಎಚ್ಚರವಾಗಿಯೇ ಇರುತ್ತದೆ, ಅಂದರೆ ಅದರ ಕಂಪ್ಯೂಟರುಗಳು ಆಫ್ ಆಗುವುದಿಲ್ಲ. ಹಾಗಾಗಿ ಬಾನೆಟ್ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ‘ಮುಚ್ಚಿದೆ’ ಅಂತ ಕಾರನ್ನು ನಂಬಿಸಿ. ಫ್ಯೂಸ್ ಬಾಕ್ಸ್ ಡ್ಯಾಶ್‌ಬೋರ್ಡ್ ಕೆಳಗೂ ಇರುವುದರಿಂದ ಡ್ರೈವರ್ ಬಾಗಿಲು ತೆರೆದಿಟ್ಟು, ಅದರ ಲಾಕನ್ನೂ ಹಾಗೇ ಒತ್ತಿಡಿ. ಕೆಲಸ ಮುಗಿದ ಮೇಲೆ ಹಿಡಿ ಎಳೆದು, ಬಾನೆಟ್ಟಿನದಾದರೆ ಒಳಗಿನ ಲಿವರ್ ಎಳೆದು, ಲಾಕ್ ಬಿಡಿಸಿ ಆಮೇಲೇ ಮುಚ್ಚಬೇಕು. ಮರೆತು ದಬ್ಬಿದರೆ ಲಾಕ್ ಮುರಿಯುತ್ತದೆ. ಕೀಲೆಸ್ ಕಾರಾದರೆ ಕೀಯನ್ನು ದೂರ ಇಡಿ, ಮನೆಯೊಳಗೇ ಇಟ್ಟು ಬನ್ನಿ.

ಕೆಂಪು ವೈರನ್ನು ಮೀಟರಿನ 10 ಆಂಪ್ ತೂತಿಗೆ, ಕಪ್ಪನ್ನು ಕಾಮನ್ ತೂತಿಗೆ ಹಾಕಿ, ಗುಂಡಿಯನ್ನು ಡಿಸಿ 10 ಆಂಪ್‌ಗೆ ತಿರುಗಿಸಿ. ಮೊದಲೇ ಮಿಲಿಆಂಪ್ ತೂತಿಗೆ ಹಾಕಿದರೆ ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಈಗ ಮೈನಸ್ ಕೇಬಲ್ಲಿನ ಕ್ಲ್ಯಾಂಪಿಗೆ ಕೆಂಪು ಕ್ಲಿಪ್, ಬ್ಯಾಟರಿಯ ಮೈನಸ್ ಕಂಬಕ್ಕೆ ಕಪ್ಪು ಕ್ಲಿಪ್ ಹಾಕಿ. ಕೇಬಲ್ ಇನ್ನೂ ಬಿಚ್ಚಿಲ್ಲ, ನೆನಪಿರಲಿ. ಎರಡೂ ಕ್ಲಿಪ್ ಗಟ್ಟಿಯಾಗಿ ಕೂತ ಮೇಲೆ ಕ್ಲ್ಯಾಂಪನ್ನು ಸಡಿಲಿಸಿ ನಿಧಾನವಾಗಿ ಮೇಲಕ್ಕೆತ್ತಿ. ಹೀಗೆ ಮಾಡಿದರೆ ಕರೆಂಟ್ ಒಂದು ಕ್ಷಣವೂ ಕಡಿಯುವುದಿಲ್ಲ, ಬ್ಯಾಟರಿಯಿಂದ ಕಾರಿಗೆ ಹೋಗುವುದೆಲ್ಲ ಮೀಟರ್ ಮೂಲಕವೇ ಹೋಗುತ್ತದೆ, ಕಾರಿನ ಕಂಪ್ಯೂಟರುಗಳೂ ಮತ್ತೆ ಎಚ್ಚರಗೊಳ್ಳುವುದಿಲ್ಲ. ಕ್ಲಿಪ್ ಜಾರದ ಹಾಗೆ ನೋಡಿಕೊಳ್ಳಿ, ಜಾರಿದರೆ ಮತ್ತೆ ಮೊದಲಿನಿಂದ ಕಾಯಬೇಕು.

ಮೀಟರ್ ಹೀಗೆ ಜೋಡಿಸಿರುವಾಗ ಸೆಲ್ಫ್ ಹೊಡೆಯಲೇಬಾರದು. ಸ್ಟಾರ್ಟರ್ ನೂರಾರು ಆಂಪ್ ಎಳೆಯುತ್ತದೆ. ಹೆಡ್‌ಲೈಟ್ ಕೂಡ ಹಾಕಬೇಡಿ.

ಕಾಯಿರಿ

ಹೆಚ್ಚಿನವರು ಎಡವುವುದು ಇಲ್ಲಿ. ಮೀಟರ್ ಜೋಡಿಸಿದ ಕೂಡಲೇ ಒಂದೋ ಎರಡೋ ಆಂಪ್ ತೋರಿಸುತ್ತದೆ, ‘ಅಯ್ಯೋ ಇಷ್ಟೊಂದಾ’ ಅಂತ ಫ್ಯೂಸ್ ಕೀಳಲು ಶುರು ಮಾಡುತ್ತಾರೆ. ಈಗಿನ ಕಾರುಗಳಲ್ಲಿ ಹತ್ತಾರು ಸಣ್ಣ ಕಂಪ್ಯೂಟರುಗಳಿವೆ, ಕೀ ತೆಗೆದ ಮೇಲೆ ಅವು ಒಂದೊಂದಾಗಿ ಮಲಗುತ್ತವೆ. ಕೆಲವು ಕಾರಿನಲ್ಲಿ ಹತ್ತು ನಿಮಿಷ ಸಾಕು, ಕೆಲವಕ್ಕೆ ಮುಕ್ಕಾಲು ಗಂಟೆಯೂ ಬೇಕು. ಮೀಟರಿನಲ್ಲಿ ನಂಬರ್ ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ: 1.80, ಆಮೇಲೆ 0.60, ಆಮೇಲೆ 0.30. ಕೊನೆಗೆ 0.05ರ ಕೆಳಗೆ ನಿಂತರೆ ಅಂದರೆ 50 ಮಿಲಿಆಂಪ್ ಒಳಗಿದ್ದರೆ ಕಾರು ಆರೋಗ್ಯವಾಗಿದೆ. 0.30ರಲ್ಲೋ 0.40ರಲ್ಲೋ ಅಂಟಿಕೊಂಡು ಕೂತರೆ ಸೋರಿಕೆ ಇದೆ. ಹತ್ತು ನಿಮಿಷಕ್ಕೊಮ್ಮೆ ಏರಿ ಮತ್ತೆ ಇಳಿಯುತ್ತಿದ್ದರೆ ಯಾವುದೋ ಒಂದು ಎದ್ದು ಮಲಗುತ್ತಿದೆ ಅಂತ ಅರ್ಥ. ಟ್ರ್ಯಾಕರುಗಳು ಹೀಗೆ ಮಾಡುತ್ತವೆ.

ಯಾವ ಫ್ಯೂಸ್?

ಹಳೆಯ ಕಾರಾದರೆ ಫ್ಯೂಸನ್ನು ಒಂದೊಂದಾಗಿ ಕಿತ್ತು ಮೀಟರ್ ನೋಡುವುದು ಸುಲಭ. ಕೀಳುವ ಮೊದಲು ಬಾಕ್ಸಿನ ಫೋಟೋ ತೆಗೆದುಕೊಳ್ಳಿ. ಒಂದು ಕಿತ್ತು, ನೋಡಿ, ಅದನ್ನೇ ವಾಪಸ್ ಹಾಕಿ ಮುಂದಿನದಕ್ಕೆ ಹೋಗಿ. 0.42 ಇದ್ದದ್ದು ಒಂದು ಫ್ಯೂಸ್ ಕಿತ್ತ ಕೂಡಲೇ 0.03ಕ್ಕೆ ಬಿದ್ದರೆ ಆ ಸರ್ಕ್ಯೂಟೇ ಕಳ್ಳ. ಏರ್‌ಬ್ಯಾಗ್ ಫ್ಯೂಸಿಗೆ ಮಾತ್ರ ಕೈ ಹಾಕಬೇಡಿ.

ಹೊಸ ಕಾರಿನಲ್ಲಿ ಫ್ಯೂಸ್ ವಾಪಸ್ ಹಾಕಿದ ತಕ್ಷಣ ಅದಕ್ಕೆ ಸೇರಿದ ಕಂಪ್ಯೂಟರ್ ಎದ್ದುಬಿಡುತ್ತದೆ, ಪುನಃ ಕಾಯಬೇಕು. ಅದಕ್ಕೆ ನನಗೆ ಇಷ್ಟವಾದ ದಾರಿ ಬೇರೆ. ಫ್ಯೂಸ್ ಕೀಳಲೇಬೇಡಿ. ಪ್ರತಿ ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಚುಕ್ಕೆಯಷ್ಟು ಲೋಹ ಕಾಣುತ್ತದೆ. ಈ ಕೆಲಸಕ್ಕೆ ಇನ್ನೊಂದು ಮೀಟರ್ ಇದ್ದರೆ ಒಳ್ಳೆಯದು. ಒಂದೇ ಇದ್ದರೆ ಬ್ಯಾಟರಿ ಕೇಬಲ್ ಕಂಬಕ್ಕೆ ಗಟ್ಟಿಯಾಗಿ ಕೂರಿಸಿ, ಆಮೇಲೆ ಕ್ಲಿಪ್ ತೆಗೆದು, ಕೆಂಪು ವೈರನ್ನು ವೋಲ್ಟ್ ತೂತಿಗೆ ಬದಲಾಯಿಸಿಕೊಳ್ಳಿ. ಈಗ ಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ ಆ ಎರಡು ಚುಕ್ಕೆಗೆ ಮುಳ್ಳು ತಾಗಿಸಿ. ಕರೆಂಟ್ ಹರಿಯದ ಫ್ಯೂಸಿನಲ್ಲಿ ಸೊನ್ನೆ ಬರುತ್ತದೆ. ಹರಿಯುತ್ತಿದ್ದರೆ ಸಣ್ಣ ನಂಬರ್ ಬರುತ್ತದೆ. 10 ಆಂಪಿನ ಮಿನಿ ಫ್ಯೂಸಿನಲ್ಲಿ 1 ಮಿಲಿವೋಲ್ಟ್ ಕಂಡರೆ ಸುಮಾರು 130 ಮಿಲಿಆಂಪ್ ಹರಿಯುತ್ತಿದೆ ಅಂತ ಲೆಕ್ಕ. ಮೀಟರ್ ಮಿಲಿವೋಲ್ಟಿನ ಹತ್ತನೇ ಒಂದು ಭಾಗವನ್ನಾದರೂ ತೋರಿಸುವಂತಿರಬೇಕು. ಕಾರನ್ನು ಎಬ್ಬಿಸದೆ ಇಡೀ ಬಾಕ್ಸನ್ನು ಕೆಲವೇ ನಿಮಿಷದಲ್ಲಿ ಮುಗಿಸಬಹುದು. ಬಾನೆಟ್ ಕೆಳಗಿನ ಬಾಕ್ಸನ್ನೂ ಮರೆಯಬೇಡಿ.

ಫ್ಯೂಸ್ ಸಿಕ್ಕ ಮೇಲೆ ಮುಚ್ಚಳದ ಹಿಂದಿನ ಚಿತ್ರದಲ್ಲೋ ಕಾರಿನ ಜೊತೆ ಬಂದ ಪುಸ್ತಕದಲ್ಲೋ ಅದು ಯಾವುದಕ್ಕೆಲ್ಲ ಹೋಗುತ್ತದೆ ನೋಡಿ. ‘ಆಡಿಯೋ, ರೂಮ್ ಲೈಟ್, ಡಿಕ್ಕಿ ಲೈಟ್’ ಅಂತ ಮೂರು ಒಟ್ಟಿಗೆ ಇರಬಹುದು. ಒಂದೊಂದರದ್ದೇ ಕನೆಕ್ಟರ್ ಬಿಡಿಸುತ್ತಾ ಹೋಗಿ. ಯಾವುದನ್ನು ಬಿಡಿಸಿದಾಗ ನಂಬರ್ ಬೀಳುತ್ತದೋ ಅದೇ.

ಯಾವ ಫ್ಯೂಸಿನಲ್ಲೂ ಸಿಗದಿದ್ದರೆ

ಆಲ್ಟರ್ನೇಟರಿನ ದಪ್ಪ ವೈರ್ ಈ ಸಣ್ಣ ಫ್ಯೂಸುಗಳ ಮೂಲಕ ಹೋಗುವುದಿಲ್ಲ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಹಾಳಾದರೆ ಕರೆಂಟ್ ಹಿಮ್ಮುಖವಾಗಿ ಹರಿಯುತ್ತದೆ. ಗಂಟೆಗಟ್ಟಲೆ ನಿಂತ ಕಾರಿನಲ್ಲಿ ಇಂಜಿನ್ ತಣ್ಣಗಿದ್ದು ಆಲ್ಟರ್ನೇಟರ್ ಮಾತ್ರ ಬೆಚ್ಚಗಿದ್ದರೆ ಅದರ ಮೇಲೆ ಕಣ್ಣಿಡಿ. ಇನ್ನೊಂದು ದಾರಿ, ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಮೀಟರನ್ನು ಎಸಿ ವೋಲ್ಟ್‌ನಲ್ಲಿ ಇಟ್ಟು ನೋಡುವುದು. 0.5 ದಾಟಿದರೆ ಡಯೋಡ್ ಹೋಗಿರುವ ಸಾಧ್ಯತೆ ಜಾಸ್ತಿ. ಇದನ್ನು ಬಿಚ್ಚುವುದು ಆಟೋ ಎಲೆಕ್ಟ್ರಿಷಿಯನ್ ಕೆಲಸ.

ಹೊರಗಿನಿಂದ ಹಾಕಿಸಿದ ಸಾಮಾನಿನ ವೈರನ್ನು ಕೆಲವರು ನೇರ ಬ್ಯಾಟರಿ ಪ್ಲಸ್‌ಗೆ ಕಟ್ಟಿರುತ್ತಾರೆ. ಅದೂ ಫ್ಯೂಸ್ ಬಾಕ್ಸಿನಲ್ಲಿ ಸಿಗುವುದಿಲ್ಲ. ಪ್ಲಸ್ ಟರ್ಮಿನಲ್ಲಿಗೆ ಎಷ್ಟು ವೈರ್ ಬಂದಿವೆ ಅಂತ ಒಮ್ಮೆ ನೋಡಿದರೆ ತಿಳಿಯುತ್ತದೆ.

ರಿಪೇರಿ

ಮ್ಯೂಸಿಕ್ ಸಿಸ್ಟಂನ ಹಿಂದೆ ಹಳದಿ ಮತ್ತು ಕೆಂಪು ವೈರ್ ಇರುತ್ತವೆ. ಹಳದಿಗೆ ಯಾವಾಗಲೂ ಕರೆಂಟ್ ಬೇಕು, ಸೆಟ್ಟಿಂಗ್ ಉಳಿಸಿಕೊಳ್ಳಲು. ಕೆಂಪಿಗೆ ಕೀ ಹಾಕಿದಾಗ ಮಾತ್ರ ಬರಬೇಕು. ಕೀ ಇಲ್ಲದೆಯೂ ಹಾಡು ಬರಲಿ ಅಂತ ಎರಡನ್ನೂ ಒಟ್ಟಿಗೆ ಸುತ್ತಿ ಟೇಪ್ ಹಾಕಿದ್ದರೆ ಸ್ಕ್ರೀನ್ ಆರಿದರೂ ಸಿಸ್ಟಂ ಮಲಗುವುದೇ ಇಲ್ಲ. ಕೆಂಪನ್ನು ಬೇರ್ಪಡಿಸಿ, ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಆಕ್ಸೆಸರಿ ಲೈನಿಗೆ ಕೊಟ್ಟರೆ ಮುಗಿಯಿತು. ಜೆಸಿ ರಸ್ತೆಯಲ್ಲಿ ಆಕ್ಸೆಸರಿ ಹಾಕಿಸುವವರು ಹಾಕಿಸುವಾಗಲೇ ‘ಕೆಂಪು ಕೀ ಲೈನಿಗೇ ಕೊಡಿ, ವೈರ್ ಕಟ್ ಮಾಡಬೇಡಿ, ಕಪ್ಲರ್ ಹಾಕಿ’ ಅಂತ ಬಾಯಿಬಿಟ್ಟು ಹೇಳಿ.

ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡ್‌ನಲ್ಲಿ ರಾತ್ರಿಯಿಡೀ ರೆಕಾರ್ಡ್ ಮಾಡುತ್ತಿದ್ದರೆ ಅದರ ಕಟ್-ಆಫ್ ವೋಲ್ಟೇಜನ್ನು (ಬ್ಯಾಟರಿ ಎಷ್ಟಕ್ಕಿಳಿದರೆ ಕ್ಯಾಮೆರಾ ತಾನೇ ಆಫ್ ಆಗಬೇಕು ಅನ್ನುವ ಸೆಟ್ಟಿಂಗ್) 12.4ಕ್ಕೆ ಏರಿಸಿ, ಅಥವಾ ವಾರವಿಡೀ ನಿಲ್ಲುವ ಕಾರಿನಲ್ಲಿ ಆ ಮೋಡನ್ನೇ ಆಫ್ ಮಾಡಿ. ಹಳದಿ ಬೋರ್ಡಿನ ಟ್ಯಾಕ್ಸಿಗಳ ಎಐಎಸ್-140 ಟ್ರ್ಯಾಕರ್ (ಗಾಡಿ ಎಲ್ಲಿದೆ ಅಂತ ತಿಳಿಸುವ ಸಾಧನ) ಕಾನೂನಿನ ಪ್ರಕಾರ ಇರಲೇಬೇಕು. ಅದನ್ನು ಕಿತ್ತು ಹಾಕಬೇಡಿ, ಅಳವಡಿಸಿದವರ ಹತ್ತಿರವೇ ಸರಿ ಮಾಡಿಸಿ. ಬಾಗಿಲು ಮುಚ್ಚಿದಾಗ ಒಳಗಿನ ಲೈಟ್ ಆರಿಸುವ ಬಾಗಿಲಿನ ಸ್ವಿಚ್ ಅಂಟಿಕೊಂಡಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ಒತ್ತಿ ಬಿಡಿ, ಬಹಳಷ್ಟು ಸಲ ಅಷ್ಟೇ ಸಾಕಾಗುತ್ತದೆ. ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್) ಮೇಲೆ ಅನುಮಾನ ಬಂದರೆ ಬೆರಳಿಟ್ಟು ನೋಡಿ. ನಿಂತ ಕಾರಿನಲ್ಲಿ ಬೆಚ್ಚಗಿರುವ ರಿಲೇ ಆನ್ ಆಗಿದೆ ಅಂತಲೇ ಅರ್ಥ. ಅದೇ ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ಪರೀಕ್ಷಿಸಿ.

ನಿಮ್ಮ ಕೈಯಲ್ಲಿ ಆಗದಿದ್ದರೂ ಪರವಾಗಿಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ‘ಬ್ಯಾಟರಿ ಡೌನ್ ಆಗ್ತಿದೆ’ ಅನ್ನುವ ಬದಲು ‘ಒಳಗಿನ ಬಾಕ್ಸಿನ 14ನೇ ಫ್ಯೂಸಿನಲ್ಲಿ 400 ಮಿಲಿಆಂಪ್ ಹೋಗ್ತಿದೆ ಅಣ್ಣ’ ಅಂತ ನೀವು ಕಂಡ ನಂಬರ್ ಹೇಳಿ. ಅರ್ಧ ಕೆಲಸ ಮುಗಿದಿರುತ್ತದೆ, ದುಡ್ಡೂ ಉಳಿಯುತ್ತದೆ.

ಸರಿಪಡಿಸಿದ ಮೇಲೆ ಮೀಟರ್ ಮತ್ತೆ ಜೋಡಿಸಿ, ಕಾರು ಮಲಗಿದ ಮೇಲೆ 50ರ ಒಳಗೆ ಬಂದಿದೆಯೇ ನೋಡಿ. ಬ್ಯಾಟರಿಯನ್ನು ಚಾರ್ಜರಿನಲ್ಲೇ ಪೂರ್ತಿ ತುಂಬಿಸಿ. ಗಾಂಧಿ ಬಜಾರಿಗೆ ಹೋಗಿ ತರಕಾರಿ ತಂದಷ್ಟರಿಂದ ಅದು ತುಂಬುವುದಿಲ್ಲ. ಚಾರ್ಜ್ ಆಗಿ ಒಂದು ರಾತ್ರಿ ಸುಮ್ನೆ ಬಿಟ್ಟು ಬೆಳಿಗ್ಗೆ ಅಳೆದಾಗ 12.6 ವೋಲ್ಟ್ ಆಸುಪಾಸು ಇದ್ದರೆ ಬ್ಯಾಟರಿ ಇನ್ನೂ ಗಟ್ಟಿ. ಪೂರ್ತಿ ಚಾರ್ಜ್ ಮಾಡಿಯೂ 12.4ರ ಕೆಳಗೆ ಬಿದ್ದಿದ್ದರೆ, ಪದೇ ಪದೇ ಖಾಲಿಯಾಗಿ ಒಳಗಿನ ಪ್ಲೇಟುಗಳು ಹಾಳಾಗಿವೆ, ಆಗ ಹೊಸದು ಹಾಕಿಸಿ.